ಋತುಮಾನ ಮತ್ತು ಮಕ್ಕಳ ಬೆಳವಣಿಗೆ: ತುಂಗಭದ್ರಾ ಸೀಮೆಯ ಪಾಲಕರು, ಅಂಗನವಾಡಿ ಕಾರ್ಯಕರ್ತೆಯರು, ಶಿಕ್ಷಕರಿಗೆ ಬಹಿರಂಗ ಪತ್ರ

ಹೊಸಪೇಟೆ, ಹಂಪಿ, ಸಂಡೂರು, ಕಂಪ್ಲಿ ಭಾಗದ ತಂದೆ-ತಾಯಂದಿರಿಗೆ, ಅಂಗನವಾಡಿ ಕಾರ್ಯಕರ್ತೆಯರಿಗೆ, ಶಾಲಾ ಶಿಕ್ಷಕರಿಗೆ,



ಮಕ್ಕಳು ವರ್ಷದ ಹನ್ನೆರಡೂ ತಿಂಗಳು ಒಂದೇ ಸಮನೆ ಬೆಳೆಯುವುದಿಲ್ಲ. ಕೆಲವು ತಿಂಗಳು ಎತ್ತರ ಬೇಗ ಏರುತ್ತದೆ, ಕೆಲವು ತಿಂಗಳು ತೂಕ ಕೂಡುತ್ತದೆ, ಮತ್ತೆ ಕೆಲವು ತಿಂಗಳು ಎರಡೂ ನಿಂತಂತೆ ಕಾಣುತ್ತವೆ. ಈ ಏರಿಳಿತದಲ್ಲಿ ಸಹಜವಾದದ್ದು ಎಷ್ಟು, ಬಿಸಿಲು, ಮಳೆ, ಕೂಲಿ, ರಜೆ, ಕಾಯಿಲೆಗಳಿಂದ ಆಗುವುದು ಎಷ್ಟು ಎಂಬುದು ಮಗುವನ್ನು ಬೆಳೆಸುವ ಎಲ್ಲರಿಗೂ ತಿಳಿದಿರಬೇಕು. ಹಾಗೆ ತಿಳಿದರೆ ಕುಂಠಿತವಾಗುವ ತಿಂಗಳುಗಳನ್ನು ಮೊದಲೇ ಗುರುತಿಸಿ ಸಿದ್ಧರಾಗಲು ಸಾಧ್ಯ. ಈ ಪತ್ರ ಬರೆದಿರುವುದು ಅದಕ್ಕಾಗಿಯೇ.

ಮೊದಲು ಬೆಳವಣಿಗೆಯ ಸಾಮಾನ್ಯ ಗತಿ. ಹುಟ್ಟಿದ ಮೊದಲ ವರ್ಷ ಮಗು ಸುಮಾರು 25 ಸೆಂ.ಮೀ. ಉದ್ದವಾಗುತ್ತದೆ, ಎರಡನೆಯ ವರ್ಷ ಸುಮಾರು 12 ಸೆಂ.ಮೀ. ನಂತರ ಗತಿ ಇಳಿದು, ಶಾಲೆಯ ವಯಸ್ಸಿನಲ್ಲಿ ವರ್ಷಕ್ಕೆ 5ರಿಂದ 6 ಸೆಂ.ಮೀ.ಗೆ ನಿಲ್ಲುತ್ತದೆ. ಹರೆಯ ಹತ್ತಿರವಾದಾಗ ಮತ್ತೆ ವೇಗ ಬರುತ್ತದೆ. ಹೆಣ್ಣುಮಕ್ಕಳಲ್ಲಿ ಹನ್ನೆರಡರ ಆಸುಪಾಸು ವರ್ಷಕ್ಕೆ 8 ಸೆಂ.ಮೀ.ವರೆಗೆ, ಗಂಡುಮಕ್ಕಳಲ್ಲಿ ಹದಿನಾಲ್ಕರ ಆಸುಪಾಸು 9 ಸೆಂ.ಮೀ. ಅಥವಾ ಅದಕ್ಕೂ ಹೆಚ್ಚು ಬೆಳವಣಿಗೆ ಕಾಣುತ್ತದೆ. ಹೀಗಾಗಿ ಹೊಟ್ಟೆಯಲ್ಲಿರುವ ಕಾಲವೂ ಸೇರಿ ಮೊದಲ ಎರಡು ವರ್ಷ ಮತ್ತು ಹರೆಯದ ಮೂರು ನಾಲ್ಕು ವರ್ಷ, ಇವೆರಡು ಹೆಚ್ಚು ಆಹಾರ ಬೇಡುವ ಘಟ್ಟಗಳು. ಒಂದು ಕೆಟ್ಟ ಹಂಗಾಮು ಈ ಘಟ್ಟಗಳಲ್ಲಿ ಮಾಡುವಷ್ಟು ನಷ್ಟವನ್ನು ಬೇರೆ ವಯಸ್ಸಿನಲ್ಲಿ ಮಾಡುವುದಿಲ್ಲ.

ಋತುವಿಗೂ ಬೆಳವಣಿಗೆಗೂ ಇರುವ ನಂಟನ್ನು ಮೊದಲು ದಾಖಲಿಸಿದ್ದು ಯುರೋಪಿನಲ್ಲಿ. ಫ್ರಾನ್ಸಿನ ಮೊಂಬೆಯಾರ್ ಎಂಬ ಶ್ರೀಮಂತ 1759ರಿಂದ 1777ರವರೆಗೆ ತನ್ನ ಮಗನ ಎತ್ತರವನ್ನು ಸುಮಾರು ಆರು ತಿಂಗಳಿಗೊಮ್ಮೆ ಅಳೆದು ಬರೆದಿಟ್ಟ. ಆ ಅಳತೆಗಳನ್ನು ಪ್ರಕಟಿಸಿದ ನಿಸರ್ಗ ವಿಜ್ಞಾನಿ ಬ್ಯುಫೋನ್, ಹುಡುಗ ಚಳಿಗಾಲಕ್ಕಿಂತ ಬೇಸಿಗೆಯಲ್ಲಿ ಹೆಚ್ಚು ಬೆಳೆದಿದ್ದನ್ನು ಗುರುತಿಸಿದ. ನೂರು ವರ್ಷದ ನಂತರ, 1880ರ ದಶಕದಲ್ಲಿ, ಡೆನ್ಮಾರ್ಕಿನ ಕೋಪನ್‌ಹೇಗನ್‌ನಲ್ಲಿ ಕಿವುಡ-ಮೂಗ ಮಕ್ಕಳ ಶಾಲೆಯ ಮುಖ್ಯಸ್ಥನಾಗಿದ್ದ ರಾಸ್ಮಸ್ ಮಾಲಿಂಗ್-ಹಾನ್ಸೆನ್ ತನ್ನ ವಿದ್ಯಾರ್ಥಿಗಳ ತೂಕ, ಎತ್ತರಗಳನ್ನು ವರ್ಷಗಟ್ಟಲೆ ನಿತ್ಯವೂ ಅಳೆಸಿದ. ವಸಂತದಿಂದ ಬೇಸಿಗೆಯವರೆಗೆ ಎತ್ತರ ಬೇಗ ಏರುತ್ತದೆ, ಆಗ ತೂಕ ಅಷ್ಟಾಗಿ ಕೂಡುವುದಿಲ್ಲ; ಶರತ್ಕಾಲದಲ್ಲಿ ತೂಕ ಕೂಡುತ್ತದೆ, ಎತ್ತರದ ಗತಿ ಇಳಿಯುತ್ತದೆ ಎಂಬುದು ಅವನಿಗೆ ಕಂಡ ಕ್ರಮ. ಮುಂದಿನ ಅಧ್ಯಯನಗಳು ಇದನ್ನು ಬಹುಮಟ್ಟಿಗೆ ಒಪ್ಪಿದವು. ಆ ದೇಶಗಳಲ್ಲಿ ವಸಂತದ ಬೆಳವಣಿಗೆ ಶರತ್ಕಾಲದ ಸುಮಾರು ಎರಡು ಪಟ್ಟು ಇರುತ್ತದೆ. ಇದಕ್ಕೆ ಹಗಲಿನ ಉದ್ದ ಕಾರಣವಿರಬಹುದೆಂಬ ಸುಳಿವು ಸಿಕ್ಕಿದ್ದು 1970ರ ದಶಕದಲ್ಲಿ ಬ್ರಿಟನ್ನಿನಲ್ಲಿ. ಅಲ್ಲಿನ ಅಂಧ ಮಕ್ಕಳ ಬೆಳವಣಿಗೆಯಲ್ಲೂ ಏರಿಳಿತವಿತ್ತು, ಆದರೆ ಅದು ಋತುಗಳ ಜೊತೆ ಹೆಜ್ಜೆ ಹಾಕುತ್ತಿರಲಿಲ್ಲ.

ತುಂಗಭದ್ರೆಯ ದಂಡೆಗೆ ಈ ಲೆಕ್ಕವನ್ನು ಹಾಗೆಯೇ ತರಲಾಗದು. ಕೋಪನ್‌ಹೇಗನ್‌ನಲ್ಲಿ ಡಿಸೆಂಬರ್‌ನ ಹಗಲು ಸುಮಾರು ಏಳು ತಾಸು, ಜೂನ್‌ನ ಹಗಲು ಹದಿನೇಳೂವರೆ ತಾಸು. ಹೊಸಪೇಟೆಯಲ್ಲಿ ಅತಿ ಚಿಕ್ಕ ಹಗಲು ಹನ್ನೊಂದು ಕಾಲು ತಾಸು, ಅತಿ ದೊಡ್ಡದು ಹದಿಮೂರು ತಾಸು. ಎರಡಕ್ಕೂ ನಡುವಿನ ಅಂತರ ಎರಡು ತಾಸನ್ನೂ ಮುಟ್ಟುವುದಿಲ್ಲ. ಇಲ್ಲಿ ವರ್ಷ ತಿಂಗಳಿಂದ ತಿಂಗಳಿಗೆ ಬದಲಾಗುವುದು ಬೇರೆ ವಿಷಯಗಳಲ್ಲಿ: ಬಿಸಿಲು, ಕುಡಿಯುವ ನೀರು, ಮನೆಯಲ್ಲಿನ ಕಾಳುಕಡ್ಡಿ, ತಾಯಿಯ ಕೂಲಿ, ಶಾಲೆಯ ಬಿಸಿಯೂಟ, ಜ್ವರ ಮತ್ತು ಭೇದಿ.

ಉಷ್ಣವಲಯದ ಬೇರೆ ಕಡೆಗಳ ಅನುಭವವೂ ಇದೇ. ಪಶ್ಚಿಮ ಆಫ್ರಿಕಾದ ಗ್ಯಾಂಬಿಯಾದಲ್ಲಿ ಕೆನೆಬಾ ಎಂಬ ಹಳ್ಳಿಯನ್ನು ವಿಜ್ಞಾನಿಗಳು ದಶಕಗಳ ಕಾಲ ಗಮನಿಸಿದ್ದಾರೆ. ಅಲ್ಲಿ ಮಳೆಗಾಲ ಎಂದರೆ ಹಳೆಯ ದವಸ ಮುಗಿದು ಹೊಸದು ಬಾರದ ಹಸಿವಿನ ಕಾಲ. ಆಗ ಮಕ್ಕಳ ತೂಕ ಇಳಿಯುತ್ತದೆ, ಹುಟ್ಟುವ ಕೂಸುಗಳ ತೂಕವೂ ಇಳಿಯುತ್ತದೆ. ನಮಗೆ ಹತ್ತಿರದ ಉದಾಹರಣೆ ಪುಣೆಯ ಬಳಿಯ ಆರು ಹಳ್ಳಿಗಳಲ್ಲಿ 1990ರ ದಶಕದಲ್ಲಿ ಶುರುವಾದ ಗರ್ಭಿಣಿಯರ ಪೌಷ್ಟಿಕತೆಯ ಅಧ್ಯಯನ. ಅದೂ ನಮ್ಮಂಥದೇ ದಖ್ಖನ್ನಿನ ಒಣಸೀಮೆ. ಸೊಪ್ಪು, ಹಣ್ಣು, ಹಾಲು ಹೆಚ್ಚು ತಿಂದ ತಾಯಂದಿರ ಕೂಸುಗಳು ದೊಡ್ಡದಾಗಿ ಹುಟ್ಟಿದವು. ಬಸುರಿನಲ್ಲಿ ಹೊಲದ, ಮನೆಯ ಭಾರದ ಕೆಲಸ ಹೆಚ್ಚು ಮಾಡಿದ ತಾಯಂದಿರ ಕೂಸುಗಳು ಚಿಕ್ಕದಾಗಿ ಹುಟ್ಟಿದವು. ಸೊಪ್ಪು, ಹಣ್ಣು ಸಿಗುವುದೂ ಭಾರದ ಕೆಲಸ ಬೀಳುವುದೂ ಹಂಗಾಮಿನ ಪ್ರಕಾರವೇ. ಹೀಗೆ ಋತುವಿನ ಪ್ರಭಾವ ಮಗು ಹುಟ್ಟುವ ಮೊದಲೇ ಆರಂಭವಾಗುತ್ತದೆ.

ಈ ಸೀಮೆಯ ವರ್ಷವನ್ನು ಮೂರು ಭಾಗ ಮಾಡಿ ನೋಡಬಹುದು. ಮೊದಲನೆಯದು ಮಾರ್ಚ್‌ನಿಂದ ಮೇ ಕೊನೆಯವರೆಗಿನ ಬೇಸಿಗೆ. ಏಪ್ರಿಲ್, ಮೇ ತಿಂಗಳಲ್ಲಿ ಉಷ್ಣಾಂಶ 40 ಡಿಗ್ರಿ ಮುಟ್ಟುವುದುಂಟು. ಹಂಪಿ, ಕಮಲಾಪುರ ಸುತ್ತಿನ ಬಂಡೆಗುಡ್ಡಗಳು ಹಗಲು ಕುಡಿದ ಬಿಸಿಲನ್ನು ರಾತ್ರಿ ಬಹಳ ಹೊತ್ತಿನವರೆಗೆ ಹೊರಬಿಡುತ್ತವೆ. ತಗಡಿನ ಚಾವಣಿಯ ಮನೆಯಲ್ಲಿ ನಡುರಾತ್ರಿಯವರೆಗೂ ಸೆಕೆ ಇಳಿಯುವುದಿಲ್ಲ. ಇದರಿಂದ ಮಗುವಿಗೆ ಎರಡು ತೊಂದರೆ. ಮೊದಲನೆಯದು, ಸೆಕೆಗೆ ಹಸಿವು ಕುಗ್ಗಿ, ಮಕ್ಕಳು ನೀರು ಕುಡಿದು, ಐಸ್ ಕ್ಯಾಂಡಿ ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತಾರೆ. ಎರಡನೆಯದು, ನಿದ್ದೆ ಕೆಡುತ್ತದೆ. ಬೆಳವಣಿಗೆಯ ಹಾರ್ಮೋನಿನ ದೊಡ್ಡ ಪಾಲು ದೇಹದಲ್ಲಿ ಒಸರುವುದು ಮಲಗಿದ ಮೊದಲ ತಾಸುಗಳ ಗಾಢ ನಿದ್ದೆಯಲ್ಲಿ.

ಬೇಸಿಗೆಯ ಇನ್ನೊಂದು ಸಂಕಟ ನೀರಿನದು. ಕಾಲುವೆ ಬತ್ತಿ ಕೆರೆ ಇಳಿದಾಗ ಹಳ್ಳಿಗಳು ಬೋರ್‌ವೆಲ್ ನೀರನ್ನೇ ನೆಚ್ಚಬೇಕಾಗುತ್ತದೆ. ಬಳ್ಳಾರಿ ಸೀಮೆಯ ಹಲವು ಕಡೆ ಅಂತರ್ಜಲದಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಿದ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲಿನಲ್ಲಿ ಕಂದು ಕಲೆ ಮೂಡುತ್ತದೆ. ಪ್ರಮಾಣ ಇನ್ನೂ ಹೆಚ್ಚಿದ್ದರೆ ಬೆಳೆಯುವ ಎಲುಬಿಗೇ ಪೆಟ್ಟು ಬೀಳುತ್ತದೆ.

ಇದೇ ಕಾಲಕ್ಕೆ ಶಾಲೆಗೆ ರಜೆ ಬರುತ್ತದೆ. ಏಪ್ರಿಲ್ ಎರಡನೆಯ ವಾರದಿಂದ ಮೇ ಕೊನೆಯವರೆಗೆ, ಸುಮಾರು ಒಂದೂವರೆ ತಿಂಗಳು, ಬಿಸಿಯೂಟ, 2013ರಲ್ಲಿ ಆರಂಭವಾದ ಕ್ಷೀರಭಾಗ್ಯದ ಹಾಲು, ಮೊಟ್ಟೆ ಅಥವಾ ಬಾಳೆಹಣ್ಣು, ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆ, ಇವಿಷ್ಟೂ ಒಟ್ಟಿಗೆ ನಿಲ್ಲುತ್ತವೆ. 2021ರ ಡಿಸೆಂಬರ್‌ನಲ್ಲಿ ಶಾಲೆಯಲ್ಲಿ ಮೊಟ್ಟೆ ಕೊಡಲು ಶುರು ಮಾಡಿದ್ದು ಕಲ್ಯಾಣ ಕರ್ನಾಟಕದ ಜಿಲ್ಲೆಗಳಲ್ಲಿ, ಅದೂ ಇಲ್ಲಿನ ಮಕ್ಕಳಲ್ಲಿ ಅಪೌಷ್ಟಿಕತೆ ಹೆಚ್ಚೆಂಬ ಕಾರಣಕ್ಕೆ. ಆ ಮೊಟ್ಟೆ ರಜೆಯಲ್ಲಿ ಮನೆಯ ತಟ್ಟೆಗೆ ಬರುತ್ತದೆಯೇ ಎಂಬುದು ಆ ಮನೆಯ ಸಂಪಾದನೆಯ ಮೇಲೆ ನಿಂತಿದೆ. ಅಮೆರಿಕದಂಥ ದೇಶದಲ್ಲಿ ರಜೆಯಲ್ಲಿ ಮಕ್ಕಳ ತೂಕ ಅತಿಯಾಗಿ ಏರುತ್ತದೆ ಎಂಬ ಚಿಂತೆ ಇದೆ. ಹೊಸಪೇಟೆಯ ಕೆಲವು ಮನೆಗಳಿಗೂ ಅದು ಸಲ್ಲುತ್ತದೆ: ದಿನವಿಡೀ ಮೊಬೈಲು, ಕುರುಕಲು, ಹೊರಗೆ ಆಟವಿಲ್ಲ. ಒಂದೇ ಊರಿನಲ್ಲಿ ರಜೆ ಒಂದು ಮಗುವನ್ನು ಸೊರಗಿಸಿ ಇನ್ನೊಂದನ್ನು ಊದಿಸುತ್ತದೆ.

ಮಳೆಯಾಶ್ರಿತ ಹಳ್ಳಿಗಳ ಮತ್ತು ತಾಂಡಾಗಳ ಎಷ್ಟೋ ಕುಟುಂಬಗಳು ಸುಗ್ಗಿ ಮುಗಿದ ಮೇಲೆ ಗುಳೆ ಹೋಗುತ್ತವೆ: ಕಬ್ಬು ಕಡಿಯಲು, ಇಟ್ಟಿಗೆ ಭಟ್ಟಿಗೆ, ಬೆಂಗಳೂರಿನ ಕಟ್ಟಡ ಕೆಲಸಕ್ಕೆ. ಜೊತೆಗೆ ಹೋದ ಮಗುವಿಗೆ ಅಂಗನವಾಡಿಯೂ ಇಲ್ಲ, ತೂಕ ನೋಡುವವರೂ ಇಲ್ಲ. ಊರಲ್ಲಿ ಅಜ್ಜ-ಅಜ್ಜಿಯರ ಬಳಿ ಉಳಿದ ಮಗುವಿಗೆ ಅನ್ನ ಸಿಗುತ್ತದೆ, ಆದರೆ ಹಾಲು, ಬೇಳೆ, ಮೊಟ್ಟೆಯ ಖರ್ಚಿಗೆ ಅವರ ಕೈಯಲ್ಲಿ ದುಡ್ಡಿರುವುದಿಲ್ಲ.

ಎರಡನೆಯದು ಜೂನ್‌ನಿಂದ ಅಕ್ಟೋಬರ್‌ವರೆಗಿನ ಮಳೆಗಾಲ. ಈ ಸೀಮೆ ಮಳೆನೆರಳಿನದು. ವರ್ಷದ ಮಳೆ ಸುಮಾರು 600ರಿಂದ 700 ಮಿ.ಮೀ., ಅದರ ದೊಡ್ಡ ಪಾಲು ಬರುವುದು ಮೃಗಶಿರಾ, ಆರಿದ್ರಾದಲ್ಲಿ ಅಲ್ಲ, ಹುಬ್ಬಾ, ಉತ್ತರಾ, ಹಸ್ತಾ ಮಳೆಗಳಲ್ಲಿ. ಸಂಡೂರಿನ ಗುಡ್ಡಗಳಿಗೆ ಸ್ವಲ್ಪ ಹೆಚ್ಚು. ಮೊದಲ ಮಳೆಗೆ ಬೀದಿಯ ಹೊಲಸು ಕುಡಿಯುವ ನೀರಿನ ಪೈಪು, ತೊಟ್ಟಿಗಳಿಗೆ ಸೇರಿ ವಾಂತಿ-ಭೇದಿ ಶುರುವಾಗುತ್ತದೆ. ನಿಂತ ನೀರಿನಲ್ಲಿ ಸೊಳ್ಳೆ ಹೆಚ್ಚಿ ಡೆಂಗಿ, ಚಿಕೂನ್‌ಗುನ್ಯಾ ಹಿಂಬಾಲಿಸುತ್ತವೆ.

ಒಂದು ಸಲದ ಭೇದಿಯಿಂದ ಬೆಳವಣಿಗೆ ನಿಲ್ಲುವುದಿಲ್ಲ. ಪದೇ ಪದೇ ಬರುವ ಭೇದಿಯಿಂದ ನಿಲ್ಲುತ್ತದೆ. ಕರುಳಿನ ಒಳಪದರ ಹಾನಿಗೊಂಡು ತಿಂದದ್ದು ಮೈಗೆ ಹತ್ತುವುದಿಲ್ಲ, ಜ್ವರಕ್ಕೆ ಶಕ್ತಿ ಖರ್ಚಾಗುತ್ತದೆ, ಜೊತೆಗೆ ಹಸಿವೂ ಹೋಗುತ್ತದೆ. ಭೇದಿಯಾದಾಗ ಊಟ ನಿಲ್ಲಿಸುವ ಹಳೆಯ ರೂಢಿ ಇದನ್ನು ಇನ್ನಷ್ಟು ಹದಗೆಡಿಸುತ್ತದೆ. ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಒಂದು ಪೂರ್ತಿ ಪೊಟ್ಟಣ ಒಆರ್‌ಎಸ್, 14 ದಿನ ಸತು ಮಾತ್ರೆ, ಎದೆಹಾಲು ಮತ್ತು ಮೆತ್ತನೆಯ ಊಟ ಮುಂದುವರಿಸುವುದು, ಇದು ವೈದ್ಯಶಾಸ್ತ್ರ ಒಪ್ಪಿದ ಕ್ರಮ.

ಕಾಲುವೆಗೆ ನೀರು ಬಿಟ್ಟ ಮೇಲೆ ಕಂಪ್ಲಿ ಸುತ್ತಿನ ಗದ್ದೆಗಳಲ್ಲಿ ಭತ್ತದ ನಾಟಿ. ಬುತ್ತಿ ಕಟ್ಟಿಕೊಂಡು ಹೆಣ್ಣಾಳುಗಳು ಬೆಳಕು ಹರಿಯುವ ಮುನ್ನವೇ ಟಂಟಂ ಏರುತ್ತಾರೆ. ಮನೆಯಲ್ಲಿ ಆರೇಳು ತಿಂಗಳ ಕೂಸು, ಅದನ್ನು ಸೊಂಟದ ಮೇಲೆ ಹೊತ್ತ ಹತ್ತು-ಹನ್ನೊಂದರ ಅಕ್ಕ. ಕೂಸು ಅತ್ತರೆ ಚಹಾದಲ್ಲಿ ಅದ್ದಿದ ಬಿಸ್ಕತ್ತು, ಇಲ್ಲವೇ ಸಕ್ಕರೆ ನೀರು. ಬೆಳಿಗ್ಗೆಯ ಒಂದು ಮೊಲೆಹಾಲಿನ ನಂತರ ಮುಂದಿನದು ಸಂಜೆಗೆ. ಎದೆಹಾಲಿನ ಜೊತೆ ಮೆತ್ತನೆಯ ಊಟ ಶುರುವಾಗಬೇಕಾದ ವಯಸ್ಸು ಅದು. ಆ ಮಗು ತಿಂಗಳುಗಟ್ಟಲೆ ಹೀಗೆ ಕಳೆಯುತ್ತದೆ. ಶಾಲೆ ತಪ್ಪಿಸಿಕೊಂಡ ಅಕ್ಕನಿಗೂ ಬಿಸಿಯೂಟ, ಮೊಟ್ಟೆ ಎರಡೂ ತಪ್ಪುತ್ತವೆ, ಅದೂ ಅವಳು ಬೇಗ ಬೆಳೆಯಬೇಕಾದ ವಯಸ್ಸಿನಲ್ಲಿ. ಇಡೀ ಮನೆಗೆ ಕೂಲಿಯ ದುಡ್ಡು ಬರುವ ಹಂಗಾಮು ಮನೆಯ ಇಬ್ಬರು ಮಕ್ಕಳಿಗೆ ಕೊರತೆಯ ಹಂಗಾಮಾಗುತ್ತದೆ.

ಮೂರನೆಯದು ನವೆಂಬರ್‌ನಿಂದ ಫೆಬ್ರವರಿವರೆಗಿನ ಚಳಿಗಾಲ. ಮಕ್ಕಳ ಮಟ್ಟಿಗೆ ಇದು ವರ್ಷದ ಒಳ್ಳೆಯ ಕಾಲ. ಮನೆಗೆ ಹೊಸ ಜೋಳ, ಶೇಂಗಾ, ಭತ್ತ ಬರುತ್ತವೆ. ಸೊಪ್ಪು, ಅವರೆ, ಪೇರಲ, ಬಾರೆಹಣ್ಣು ಅಗ್ಗವಾಗುತ್ತವೆ. ಹಸಿವು ಚೆನ್ನಾಗಿರುತ್ತದೆ, ನಿದ್ದೆ ಹತ್ತುತ್ತದೆ, ಭೇದಿ ಕಡಿಮೆಯಾಗುತ್ತದೆ. ಕಾಯಿಲೆಯಿಂದಲೋ ಹಸಿವಿನಿಂದಲೋ ಹಿಂದೆ ಬಿದ್ದ ಮಗುವಿಗೆ ಸಾಕಷ್ಟು ಆಹಾರ ಸಿಕ್ಕರೆ, ಅದು ಕೆಲವು ಕಾಲ ತನ್ನ ವಯಸ್ಸಿನ ಸಾಮಾನ್ಯ ಗತಿಗಿಂತ ಬೇಗ ಬೆಳೆದು ಕಳೆದುಕೊಂಡದ್ದನ್ನು ತುಂಬಿಕೊಳ್ಳುತ್ತದೆ. ಚಿಕ್ಕ ವಯಸ್ಸಿನಲ್ಲಿ ಈ ಶಕ್ತಿ ಹೆಚ್ಚು. ಪ್ರತಿ ವರ್ಷ ಬೇಸಿಗೆ ಮತ್ತು ಮಳೆಗಾಲದಲ್ಲಿ ಆದ ನಷ್ಟ ಚಳಿಗಾಲದಲ್ಲಿ ಪೂರ್ತಿ ತುಂಬದೆ ಉಳಿದರೆ, ಆ ಉಳಿಕೆ ಸೇರುತ್ತಾ ಹೋಗಿ ಮಗು ವಯಸ್ಸಿಗೆ ತಕ್ಕ ಎತ್ತರ ಮುಟ್ಟುವುದಿಲ್ಲ. 2019-20ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ. 35.4ರಷ್ಟು ಹೀಗೆ ಕುಳ್ಳಾಗಿದ್ದಾರೆ. ಎತ್ತರಕ್ಕೆ ತಕ್ಕ ತೂಕವಿಲ್ಲದವರು ಶೇ. 19.5. ಮೊದಲನೆಯದು ವರ್ಷಗಳ ಕೊರತೆಯ ಗುರುತು, ಎರಡನೆಯದು ಇತ್ತೀಚಿನ ತಿಂಗಳುಗಳ ಕೊರತೆಯದು.

ಚಳಿಗಾಲಕ್ಕೂ ಒಂದು ಕೆಡುಕುಂಟು. ಸಂಡೂರು ತಾಲ್ಲೂಕಿನಲ್ಲಿ ಮಳೆ ನಿಂತ ಮೇಲೆ ಅದಿರು ಲಾರಿಗಳ ದಾರಿಯುದ್ದಕ್ಕೂ ಕೆಂಧೂಳು ಏಳುತ್ತದೆ. ರಸ್ತೆ ಬದಿಯ ಮನೆಗಳಲ್ಲಿ ಮಕ್ಕಳಿಗೆ ಕೆಮ್ಮು, ಉಬ್ಬಸ ಬಿಡದೆ ಕಾಡಿದರೆ ಊಟ ನಿದ್ದೆ ಎರಡೂ ಕೆಡುತ್ತವೆ, ಚೇತರಿಸಿಕೊಳ್ಳಬೇಕಾದ ತಿಂಗಳುಗಳೂ ಕೈಬಿಡುತ್ತವೆ. ಒಲೆಯ ಹೊಗೆ ಸೇರಿದರೆ ಇನ್ನೂ ಕಷ್ಟ.

ಹರೆಯದ ಹೆಣ್ಣುಮಕ್ಕಳ ಬಗ್ಗೆ ಬೇರೆಯಾಗಿಯೇ ಹೇಳಬೇಕು. ಮೈನೆರೆದ ಕೂಡಲೇ ಬೆಳವಣಿಗೆ ಮುಗಿಯಿತೆಂದು ಬಹಳ ಮನೆಗಳಲ್ಲಿ ತಿಳಿಯುತ್ತಾರೆ. ಆಮೇಲೂ ಸುಮಾರು 5ರಿಂದ 7 ಸೆಂ.ಮೀ. ಎತ್ತರ ಬಾಕಿ ಇರುತ್ತದೆ. ಸೊಂಟದ ಎಲುಬು ಇನ್ನೂ ಬಲಿಯುತ್ತಿರುತ್ತದೆ. ಮುಟ್ಟಿನ ರಕ್ತ ಹೋಗುವುದರಿಂದ ಕಬ್ಬಿಣಾಂಶ ಮೊದಲಿಗಿಂತ ಹೆಚ್ಚು ಬೇಕಾಗುತ್ತದೆ. ಈ ವಯಸ್ಸಿನಲ್ಲೇ ಮದುವೆಯ ಅಪಾಯವೂ ಇದೆ: ಚೈತ್ರ, ವೈಶಾಖಗಳು ಮದುವೆಯ ತಿಂಗಳು. ಶಾಲೆಗೆ ರಜೆ ಇರುವುದರಿಂದ ಹುಡುಗಿ ಕಾಣದಿದ್ದರೂ ಕೇಳುವವರಿಲ್ಲ. ಹದಿನೆಂಟರೊಳಗಿನ ಹುಡುಗಿಯ ಮದುವೆ 2006ರ ಬಾಲ್ಯವಿವಾಹ ನಿಷೇಧ ಕಾಯ್ದೆಯ ಪ್ರಕಾರ ಅಪರಾಧ. ಕರ್ನಾಟಕದ ತಿದ್ದುಪಡಿಯ ಪ್ರಕಾರ ಅಂಥ ಮದುವೆ ಮೊದಲಿನಿಂದಲೇ ಅಸಿಂಧು. ಅದಕ್ಕೂ ಮೊದಲು, ಬೆಳೆಯುತ್ತಿರುವ ದೇಹದಲ್ಲಿ ಇನ್ನೊಂದು ಜೀವ ಬೆಳೆದರೆ ಇಬ್ಬರಿಗೂ ಆಹಾರ ಸಾಲುವುದಿಲ್ಲ. ತಾಯಿ ಗಿಡ್ಡಗೆ ಉಳಿಯುವ, ಕೂಸು ಕಡಿಮೆ ತೂಕದಲ್ಲಿ ಹುಟ್ಟುವ ಅಪಾಯ ಹೆಚ್ಚುತ್ತದೆ.

ಇನ್ನು ಅಳತೆಯ ವಿಚಾರ. ಎತ್ತರ ಅಳೆಯುವಾಗ ಮಗು ಬರಿಗಾಲಲ್ಲಿ ಗೋಡೆಗೆ ಬೆನ್ನು ಕೊಟ್ಟು ನಿಲ್ಲಬೇಕು. ಹಿಮ್ಮಡಿ, ಪಿರ್ರೆ, ಹೆಗಲು, ತಲೆಯ ಹಿಂಭಾಗ ಗೋಡೆಗೆ ತಾಗಬೇಕು, ನೋಟ ನೇರ. ಜಡೆ ಬಿಚ್ಚಿ, ಹೂವು, ಕ್ಲಿಪ್ಪು ತೆಗೆದು, ಗಟ್ಟಿ ರಟ್ಟಿನ ಪುಸ್ತಕವನ್ನು ನೆತ್ತಿಯ ಮೇಲೆ ಮಟ್ಟಸವಾಗಿ ಒತ್ತಿ ಗುರುತು ಹಾಕಬೇಕು. ಬೆಳಿಗ್ಗೆಯಿಂದ ಸಂಜೆಗೆ ಬೆನ್ನೆಲುಬು ಕುಗ್ಗಿ ಎತ್ತರ ಸುಮಾರು ಒಂದು ಸೆಂ.ಮೀ.ವರೆಗೆ ಇಳಿಯುವುದರಿಂದ ಪ್ರತಿ ಸಲವೂ ಒಂದೇ ಹೊತ್ತಿಗೆ ಅಳೆಯಬೇಕು. ಎರಡು ವರ್ಷದೊಳಗಿನ ಕೂಸನ್ನು ಮಲಗಿಸಿಯೇ ಅಳೆಯುವುದು ಕ್ರಮ. ಶಾಲೆಯ ವಯಸ್ಸಿನ ಮಗು ತಿಂಗಳಿಗೆ ಬೆಳೆಯುವುದು ಸುಮಾರು ಅರ್ಧ ಸೆಂ.ಮೀ.; ಅಳತೆಯಲ್ಲಿ ಆಗುವ ತಪ್ಪೂ ಅಷ್ಟೇ ಇರಬಹುದು. ಆದ್ದರಿಂದ ತಿಂಗಳ ಲೆಕ್ಕ ನೋಡಿ ಗಾಬರಿಪಡಬೇಕಿಲ್ಲ, ಹಿಗ್ಗಬೇಕಾಗಿಯೂ ಇಲ್ಲ. ಆರು ತಿಂಗಳಿಗೊಮ್ಮೆ ಅಳೆದು, ಈ ಮಾರ್ಚನ್ನು ಕಳೆದ ಮಾರ್ಚಿಗೆ, ಈ ಸೆಪ್ಟೆಂಬರನ್ನು ಕಳೆದ ಸೆಪ್ಟೆಂಬರಿಗೆ ಹೋಲಿಸಿದರೆ ಋತುವಿನ ಏರಿಳಿತ ಕಳೆದು ನಿಜವಾದ ಬೆಳವಣಿಗೆ ಕಾಣುತ್ತದೆ. ಚಿಕ್ಕಮಕ್ಕಳ ತೂಕ ಮಾತ್ರ ತಿಂಗಳು ತಪ್ಪದೆ ನೋಡಬೇಕು. ಕೆಟ್ಟ ಹಂಗಾಮು ಮೊದಲು ಇಳಿಸುವುದು ತೂಕವನ್ನೇ.

ಇಷ್ಟನ್ನು ಮುಂದಿಟ್ಟು, ತಮ್ಮಲ್ಲಿ ಕೆಲವು ಕೋರಿಕೆಗಳು.

ತಂದೆ-ತಾಯಂದಿರಲ್ಲಿ: ಬೇಸಿಗೆಯಲ್ಲಿ ಮಕ್ಕಳ ಮುಖ್ಯ ಊಟವನ್ನು ಬೆಳಗಿನ ಮತ್ತು ಸಂಜೆಯ ತಂಪು ಹೊತ್ತಿಗೆ ಇಟ್ಟುಕೊಳ್ಳಿ. ನಡುವೆ ಮಜ್ಜಿಗೆ, ರಾಗಿ ಅಂಬಲಿ, ಶೇಂಗಾ-ಬೆಲ್ಲದ ಉಂಡೆ, ಮಾವು, ಬಾಳೆ ಕೊಡಿ. ಹಾಲಿಲ್ಲದ ದಿನ ಹೆಸರುಕಾಳು, ನುಗ್ಗೆಸೊಪ್ಪಾದರೂ ತಟ್ಟೆಯಲ್ಲಿರಲಿ. ಮಳೆಗಾಲದಲ್ಲಿ ಕುಡಿಯುವ ನೀರನ್ನು ಕುದಿಸಿ, ಮನೆಯಲ್ಲಿ ಎರಡು ಪೊಟ್ಟಣ ಒಆರ್‌ಎಸ್ ಇಟ್ಟಿರಿ. ಕಾಯಿಲೆ ವಾಸಿಯಾದ ಮೇಲೆ ಎರಡು ವಾರ ಮಗುವಿಗೆ ದಿನಕ್ಕೊಂದು ಊಟ ಹೆಚ್ಚು ಕೊಡಿ. ಗುಳೆ ಹೋಗುವುದಾದರೆ ತಾಯಿ ಕಾರ್ಡ್, ಪಡಿತರ ಚೀಟಿ ಜೊತೆಗಿರಲಿ. ಹೋದ ಊರಿನ ಅಂಗನವಾಡಿಯಲ್ಲೂ ಮಗುವಿನ ಹೆಸರು ಬರೆಸಬಹುದು. ಮಗಳ ಓದನ್ನು ನಾಟಿಗಾಗಲಿ ಮದುವೆಗಾಗಲಿ ನಿಲ್ಲಿಸಬೇಡಿ.

ಅಂಗನವಾಡಿ ಕಾರ್ಯಕರ್ತೆಯರಲ್ಲಿ: ಮೇ ತಿಂಗಳ ತೂಕವನ್ನೂ ನಾಟಿ ಮುಗಿದ ತಿಂಗಳ ತೂಕವನ್ನೂ ವಿಶೇಷವಾಗಿ ನೋಡಿ. ಸತತ ಎರಡು ತಿಂಗಳು ತೂಕ ಕೂಡದ ಮಗುವಿನ ಮನೆಗೆ ಒಮ್ಮೆ ಹೋಗಿ ಬನ್ನಿ. ಆರು ತಿಂಗಳು ದಾಟಿದ, ಐದು ವರ್ಷದೊಳಗಿನ ಮಗುವಿನ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆಯಿದ್ದರೆ ತಡಮಾಡದೆ ಪೌಷ್ಟಿಕ ಪುನಶ್ಚೇತನ ಕೇಂದ್ರಕ್ಕೆ ಕಳಿಸಿ. ಜೊತೆಗಿರುವ ತಾಯಿಗೆ ಕೂಲಿ ನಷ್ಟದ ಪರಿಹಾರ ಉಂಟೆಂಬುದನ್ನೂ ತಿಳಿಸಿ. ಬಹಳ ತಾಯಂದಿರು ಹಿಂಜರಿಯುವುದು ಕೂಲಿ ತಪ್ಪುತ್ತದೆಂದೇ.

ಶಿಕ್ಷಕರಲ್ಲಿ: ಜೂನ್‌ನಲ್ಲಿ ಶಾಲೆ ತೆರೆದ ಮೊದಲ ವಾರ ಮತ್ತು ಡಿಸೆಂಬರ್‌ನಲ್ಲಿ, ವರ್ಷಕ್ಕೆ ಎರಡು ಸಲ ಪ್ರತಿ ಮಗುವಿನ ಎತ್ತರ, ತೂಕ ಬರೆದಿಡಿ. ರಜೆಗೆ ಮುನ್ನ ಆರೋಗ್ಯ ಸಿಬ್ಬಂದಿಯನ್ನು ಕೇಳಿ, ಹರೆಯದ ಮಕ್ಕಳಿಗೆ ರಜೆಯ ವಾರಗಳಿಗಾಗುವಷ್ಟು ಕಬ್ಬಿಣಾಂಶದ ನೀಲಿ ಮಾತ್ರೆ ಕೊಡಿಸಿ. ರಜೆ ಮುಗಿದ ಮೇಲೆ ಬಾರದ ಹುಡುಗಿಯ ಮನೆಗೆ ಮೊದಲ ವಾರವೇ ಹೋಗಿ. ಮದುವೆಯ ಸುಳಿವು ಸಿಕ್ಕರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ.

ಇವರೆಲ್ಲರ ಹಿಂದೆ ನಿಲ್ಲಬೇಕಾದವರು ಗ್ರಾಮ ಪಂಚಾಯಿತಿಯವರು ಮತ್ತು ಈ ಸೀಮೆಯ ಜಿಲ್ಲಾ ಅಧಿಕಾರಿಗಳು. ಬರಪೀಡಿತ ಪ್ರದೇಶಗಳಲ್ಲಿ ಬೇಸಿಗೆ ರಜೆಯಲ್ಲೂ ಬಿಸಿಯೂಟ ಕೊಡಬೇಕೆಂದು ಸುಪ್ರೀಂ ಕೋರ್ಟ್ 2004ರಲ್ಲೇ ಹೇಳಿದೆ. 2024ರ ಬೇಸಿಗೆಯಲ್ಲಿ ರಾಜ್ಯದ ಬರಪೀಡಿತ ತಾಲ್ಲೂಕುಗಳಲ್ಲಿ ಅದು ನಡೆದೂ ಇದೆ. ಬರ ಘೋಷಣೆಯಾಗದ ವರ್ಷವೂ ಗುಳೆ ಹೆಚ್ಚಿರುವ ಹಳ್ಳಿ, ತಾಂಡಾಗಳಿಗೆ ಈ ಊಟ ಮುಂದುವರಿಯಬೇಕು. ಉದ್ಯೋಗ ಖಾತ್ರಿ ಕೂಲಿಕಾರರ ಮಕ್ಕಳಿಗಾಗಿ 2023ರಲ್ಲಿ ಘೋಷಿಸಿದ ಕೂಸಿನ ಮನೆ ಎಂಬ ಶಿಶುಪಾಲನಾ ಕೇಂದ್ರಗಳು ನಾಟಿ ಹಂಗಾಮಿನಲ್ಲಿ ಬೆಳಗಿನ ಹೊತ್ತೇ ತೆರೆದು ಗದ್ದೆ ಕೂಲಿಯ ತಾಯಂದಿರ ಕೂಸುಗಳನ್ನೂ ಸೇರಿಸಿಕೊಳ್ಳಬೇಕು. ಮೇ ತಿಂಗಳೊಳಗೆ ನೀರಿನ ತೊಟ್ಟಿಗಳ ಶುಚಿ, ಪೈಪುಗಳ ದುರಸ್ತಿ, ಬೋರ್‌ವೆಲ್ ನೀರಿನ ಫ್ಲೋರೈಡ್ ಪರೀಕ್ಷೆ ಮುಗಿಯಬೇಕು. ಸಂಡೂರಿನ ಅದಿರು ದಾರಿಗಳಿಗೆ ನವೆಂಬರ್‌ನಿಂದಲೇ ದಿನವೂ ನೀರು ಸಿಂಪಡಿಸಿ, ಲಾರಿಗಳಿಗೆ ತಾಡಪಾಲು ಕಡ್ಡಾಯ ಮಾಡಬೇಕು.

ಬೇಸಿಗೆ ಯಾವಾಗ, ನಾಟಿ ಯಾವಾಗ, ಭೇದಿಯ ತಿಂಗಳು ಯಾವುದು ಎಂಬುದು ಈ ಸೀಮೆಯ ಎಲ್ಲರಿಗೂ ಗೊತ್ತು. ಗೊತ್ತಿರುವ ದಿನಕ್ಕೆ ಬರುವ ಕಷ್ಟಕ್ಕೆ ಸಿದ್ಧತೆ ಇಲ್ಲದಿದ್ದರೆ ಅದರ ಬೆಲೆ ತೆರುವವರು ಮಕ್ಕಳು. ಮೇಲಿನ ಕೆಲಸಗಳಲ್ಲಿ ತಮ್ಮ ಪಾಲಿಗೆ ಬಂದದ್ದನ್ನು ಮುಂದಿನ ಮಾರ್ಚ್‌ನೊಳಗೆ ಆರಂಭಿಸಬೇಕೆಂದು ಕಳಕಳಿಯಿಂದ ಕೋರುತ್ತೇನೆ.

ಇಂತಿ,
ತಮ್ಮ ವಿಶ್ವಾಸಿ,
ಹೊಸಪೇಟೆಯ ಒಬ್ಬ ಲೇಖಕ